ಪಕ್ಕದ ಗೋಡೆ

ಊರಿನ ಬಹಳ ಜನರ ಹತ್ತಿರ ನನ್ನ ಫೋನ್ ನಂಬರು ಇದೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆಯೊಂದರ ಮುಂದೆ ಜೆಸಿಬಿ ಬಂದು ನಿಂತರೆ ಸಾಕು, ಕಾಫಿ ಲೋಟ ಕೈಯಲ್ಲಿರುವಾಗಲೇ ಫೋನ್ ಬರುತ್ತದೆ. "ಮೇಡಂ, ಬೇಗ ಬನ್ನಿ, ಶುರು ಮಾಡ್ಬಿಟ್ರು." ನಾನು ಆಟೊ ಹಿಡಿದು ಹೋಗುವಷ್ಟರಲ್ಲಿ ಹೆಂಚು ಇಳಿದಿರುತ್ತದೆ, ಕಿಟಕಿ ಬಾಗಿಲುಗಳು ಗುಜರಿಯವನ ಲಾರಿ ಏರುತ್ತಿರುತ್ತವೆ. ಸಾವಿನ ಮನೆಗೆ ಹೋದವರ ಹಾಗೆ ಸ್ವಲ್ಪ ಹೊತ್ತು ನಿಂತು, ಕೆಂಪು ಗಾರೆ ನೆಲದ ಒಂದೆರಡು ಫೋಟೊ ತೆಗೆದು, ಮನೆಗೆ ಬಂದು ಭಾನುವಾರದ ಪುರವಣಿಗೆ ಲೇಖನ ಬರೆಯುತ್ತೇನೆ. ಕಲೆ, ವಾಸ್ತುಶಿಲ್ಪ ಅಂತ ಬರೆದುಕೊಂಡೇ ಮೂವತ್ತು ವರ್ಷ ಕಳೆದಿದ್ದೇನೆ. ಅದರಲ್ಲಿ ಅರ್ಧಕ್ಕರ್ಧ ಇಂಥವೇ. ನನ್ನ ಅಕ್ಕ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ: "ನೀನು ಬರೆದೆ ಅಂದ್ರೆ ಆ ಕಟ್ಟಡದ ತಿಥಿ ಆಯ್ತು ಅಂತಲೇ ಕಣೇ."

ಅವಳು ಹೇಳುವುದು ಸುಳ್ಳಲ್ಲ. ಆದರೆ ಆ ಮನೆಗಳೆಲ್ಲ ನಾನು ಬರೆದರೂ ಬಿಟ್ಟರೂ ಹೋಗುವಂಥವೇ ಆಗಿದ್ದವು. ಒಂದು ಗೋಡೆಯ ವಿಷಯ ಮಾತ್ರ ಹಾಗಲ್ಲ. ಅದು ಎಪ್ಪತ್ತು ವರ್ಷ ತನ್ನ ಪಾಡಿಗೆ ತಾನಿತ್ತು. ನಾನು ಬರೆದದ್ದರಿಂದಲೇ ಹೋಯಿತು. ಇಷ್ಟು ದಿನ ಇದನ್ನು ಎಲ್ಲೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ.

ಈ ಕಸುಬಿಗೆ ನಾನೇನು ಆಸೆಪಟ್ಟು ಬಂದವಳಲ್ಲ. ಪತ್ರಿಕೆಗೆ ಸೇರಿದ ಹೊಸದರಲ್ಲಿ ಚಿತ್ರಪ್ರದರ್ಶನಗಳ ವರದಿಗೆ ಹೋಗಲು ಯಾರೂ ತಯಾರಿರಲಿಲ್ಲ. ರಾಜಕೀಯದವರ ಪತ್ರಿಕಾಗೋಷ್ಠಿಯಲ್ಲಿ ಊಟವಿರುತ್ತದೆ, ಸಿನಿಮಾದವರ ಕಾರ್ಯಕ್ರಮದಲ್ಲಿ ನಟನಟಿಯರಿರುತ್ತಾರೆ, ಚಿತ್ರಪ್ರದರ್ಶನದಲ್ಲಿ ಬರೀ ಚಿತ್ರಗಳು. ಹೊಸಬಳೆಂದು ನನ್ನ ತಲೆಗೆ ಕಟ್ಟಿದರು. ಒಂದು ದಿನ ಚಾಮರಾಜಪೇಟೆಯ ಹಳೆಯ ಮನೆಗಳ ಮೇಲೆ ಬರೆದುಕೊಟ್ಟಾಗ ಸುದ್ದಿ ಸಂಪಾದಕರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮಾ ಇದು, ಬರೀ ಗೋಡೆ, ಕಂಬ, ಕಿಟಕಿ! ಗೋಡೆ ಏನಾದ್ರೂ ಹೇಳಿಕೆ ಕೊಡತ್ತಾ? ಯಾರನ್ನಾದ್ರೂ ಮಾತಾಡಿಸ್ಕೊಂಡು ಬಾ" ಎಂದರು. ಎಲ್ಲರೂ ನಕ್ಕರು. ಹಟ ಹಿಡಿಯುವುದು ನನ್ನ ಹುಟ್ಟುಗುಣ. ಅವತ್ತಿನಿಂದ ಗೋಡೆಗಳನ್ನೇ ಕಟ್ಟಿಕೊಂಡೆ.

ರಜೆಯ ದಿನಗಳಲ್ಲಿ ಗಾಂಧಿಬಜಾರಿನಿಂದ ನಡೆಯಲು ಶುರುಮಾಡಿದರೆ ಚಾಮರಾಜಪೇಟೆಯ ಅಡ್ಡರಸ್ತೆಗಳನ್ನೆಲ್ಲ ಸುತ್ತಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದೆ. ಮುಂದಿನ ವಾರ ಮಲ್ಲೇಶ್ವರ. ಯಾವ ಮನೆಯ ಜಗುಲಿ ಎಷ್ಟು ಅಗಲ, ಯಾವ ಕಂಬ ಮರದ್ದು, ಯಾವುದಕ್ಕೆ ಸಿಮೆಂಟ್ ಮೆತ್ತಿ ಮರದ ಬಣ್ಣ ಹೊಡೆದಿದ್ದಾರೆ, ಎಲ್ಲ ಕಣ್ಣಳತೆಗೆ ಸಿಗತೊಡಗಿತು. ಜನ ಗೇಟಿನ ಹತ್ತಿರ ನಿಲ್ಲಿಸಿ, "ಯಾರು ಬೇಕಿತ್ತು?" ಎಂದು ಕೇಳುತ್ತಿದ್ದರು. "ಯಾರೂ ಬೇಡ, ಮನೆ ನೋಡ್ತಿದೀನಿ" ಎಂದರೆ ಬ್ರೋಕರ್ ಎಂದುಕೊಂಡು ಮುಖ ಗಂಟಿಕ್ಕುತ್ತಿದ್ದರು.

ಆ ಕಾಲದಲ್ಲೇ ಒಂದು ಪೆಟ್ಟು ತಿಂದೆ. ಮಲ್ಲೇಶ್ವರದ ಒಂದು ಮನೆಯ ಅಜ್ಜಿ, ತಮ್ಮ ಮನೆಯ ನಕ್ಷೆ ಹಾಕಿದವರು ಅರಮನೆಯ ಇಂಜಿನಿಯರು ಎಂದು ಆಣೆ ಮಾಡಿ ಹೇಳಿದರು. ಅಜ್ಜಿ ಕೊಟ್ಟ ಕೋಡುಬಳೆ ತಿಂದುಕೊಂಡು ನಾನು ಹಾಗೇ ಬರೆದೆ. ನಾಲ್ಕೇ ದಿನಕ್ಕೆ ನಿವೃತ್ತ ಇಂಜಿನಿಯರೊಬ್ಬರು ಮೂಲ ನಕ್ಷೆಯ ಪ್ರತಿಯನ್ನೇ ಲಗತ್ತಿಸಿ ಕಾಗದ ಬರೆದರು. ನಕ್ಷೆ ಹಾಕಿದವನು ಯಾರೋ ಮೇಸ್ತ್ರಿ. ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ಕ್ಯಾಂಟೀನಿನಲ್ಲಿ "ಅರಮನೆಯ ಇಂಜಿನಿಯರ್" ಎಂದು ನನ್ನನ್ನು ತಿಂಗಳಾನುಗಟ್ಟಲೆ ರೇಗಿಸಿದರು. ನನಗೆ ಅವಮಾನ ತಡೆಯುವ ಶಕ್ತಿ ಬಹಳ ಕಮ್ಮಿ. ಅವತ್ತು ಒಂದು ನಿಯಮ ಮಾಡಿಕೊಂಡೆ: ಕಾಗದಪತ್ರ ಇದ್ದರೆ ಬರೆ, ಕಣ್ಣಿಗೆ ಕಂಡರೆ ಬರೆ, ಯಾರ ಮನೆಯವರ ಬಾಯಿಮಾತನ್ನೂ ಬರೆಯಬೇಡ. ಆ ನಿಯಮದಿಂದಲೇ ನನಗೆ ಹೆಸರು ಬಂತು. ಒಂದು ಪುಸ್ತಕವೂ ಬಂದ ಮೇಲೆ ಸಭೆಗಳಲ್ಲಿ ನನ್ನನ್ನು ಇತಿಹಾಸಕಾರರು ಎಂದು ಕರೆಯತೊಡಗಿದರು. ನಾನೂ ಬೇಡವೆನ್ನಲಿಲ್ಲ.

ಆ ಭಜನೆ ಮಂದಿರ ಕಣ್ಣಿಗೆ ಬಿದ್ದದ್ದು ಮೂರು ವರ್ಷದ ಹಿಂದೆ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಯಾವುದೋ ಮನೆ ನೋಡಲು ಹೋಗಿದ್ದೆ. ಹೋಗಿ ನೋಡಿದರೆ ಆ ಜಾಗದಲ್ಲಿ ಪಾಯ ಅಗೆದ ಗುಂಡಿ ಮಾತ್ರ ಇತ್ತು. ಸಿಟ್ಟಿನಿಂದ ವಾಪಸು ಬರುವಾಗ ಪಕ್ಕದ ಓಣಿಯಲ್ಲಿ ತೆರೆದ ಬಾಗಿಲೊಳಗೆ ಹಸಿರು, ನೀಲಿ ಬಣ್ಣ ಕಂಡಿತು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಹತ್ತು ಹದಿನೈದು ಜನ ಕೂತು ಭಜನೆ ಮಾಡುವಷ್ಟು ಜಾಗ. ಎದುರು ಗೋಡೆಯ ತುಂಬ ಶ್ರೀರಾಮ ಪಟ್ಟಾಭಿಷೇಕ. ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರ. ಅಯ್ಯೋ, ಎಂಥ ಕೈ ಅದು! ಸಿಂಹಾಸನದ ಕೆತ್ತನೆಯಲ್ಲಿ ಮೈಸೂರಿನ ಹಳೇ ಶೈಲಿ, ಹನುಮಂತನ ತೋಳಿನಲ್ಲಿ ಸಿನಿಮಾ ಪೋಸ್ಟರಿನ ಕಸುವು. ಇವೆರಡನ್ನು ಒಂದೇ ಗೋಡೆಯಲ್ಲಿ ಕೂಡಿಸಿದ್ದನ್ನು ಈ ಊರಿನಲ್ಲಿ ನಾನು ಬೇರೆಲ್ಲೂ ನೋಡಿರಲಿಲ್ಲ. ಬಾಗಿಲ ಹತ್ತಿರದ ಪಕ್ಕದ ಗೋಡೆಯಲ್ಲಿ ಇನ್ನೊಂದು ಚಿತ್ರವಿತ್ತು. ವನವಾಸ ಮುಗಿಸಿ ಬಂದ ರಾಮನಿಗೆ ಅಯೋಧ್ಯೆಯ ಐದು ಜನ ಹೆಂಗಸರು ಆರತಿ ಎತ್ತುವ ದೃಶ್ಯ. ಅದರ ಮೇಲೆ ದೀಪದ ಮಸಿ ಕೂತಿತ್ತು, ಕೆಳಗಿನಿಂದ ತೇವ ಏರಿತ್ತು. ಗೆರೆಗಳು ಅಲ್ಲಲ್ಲಿ ಸೊಟ್ಟ. ಒಂದೇ ನೋಟಕ್ಕೆ, ಇದು ಆ ದೊಡ್ಡ ಗೋಡೆಯ ಕೈಯಲ್ಲ ಎನಿಸಿತು.

ಒಳಗೆ ಒಬ್ಬ ವಯಸ್ಸಾದ ಹೆಂಗಸು ನೆಲ ಒರೆಸುತ್ತಿದ್ದರು. ಅವರ ತಂದೆಯೇ ಈ ಚಿತ್ರ ಬರೆದವರೆಂದು ಆಮೇಲೆ ಗೊತ್ತಾಯಿತು. ತಂದೆ ಗಾಂಧಿನಗರದಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದರಂತೆ. ಹೊಟ್ಟೆಪಾಡಿಗೆ ಅದು, ದೇವರಿಗೆ ಇದು. ಮಗಳು ಶ್ರೀರಾಂಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿಸುತ್ತಿದ್ದವರು. ಆ ವಿದ್ಯೆಗೇ ಕಾಲ ಮುಗಿದ ಮೇಲೂ ಸುತ್ತಮುತ್ತಲಿನವರಿಗೆಲ್ಲ ಟೀಚರಮ್ಮನಾಗಿಯೇ ಉಳಿದಿದ್ದರು. ಮದುವೆಯಾಗಿರಲಿಲ್ಲ. ಪ್ರತಿ ಶನಿವಾರ ಬಸ್ಸು ಬದಲಾಯಿಸಿಕೊಂಡು ಬಂದು ಮಂದಿರ ಗುಡಿಸಿ, ಒರೆಸಿ, ರಂಗೋಲಿ ಹಾಕಿ ಹೋಗುತ್ತಿದ್ದರು.

ನಾನು ಫೋಟೊ, ಅಳತೆ ಎಲ್ಲ ಮುಗಿಸಿ ಚೀಲ ಹೆಗಲಿಗೆ ಏರಿಸುವಾಗ ಅವರು ಪಕ್ಕದ ಗೋಡೆಯ ಹತ್ತಿರ ಕರೆದರು.

"ಇಲ್ನೋಡಿ ಮೇಡಂ. ಐದು ಜನ ಇದಾರಲ್ಲ, ಮಧ್ಯದಲ್ಲಿ ತಟ್ಟೆ ಹಿಡ್ಕೊಂಡಿರೋರು, ಅವರು ನಮ್ಮಮ್ಮ."

"ನಿಮ್ಮಮ್ಮನ ಹಾಗೆ ಬರೆದಿದಾರಾ?"

"ಹಾಗೆ ಅಲ್ಲ, ನಮ್ಮಮ್ಮನೇ. ನಮ್ಮ ತಂಗಿ ಹುಟ್ಟಿದ ಹತ್ತನೇ ದಿನಕ್ಕೆ ಅಮ್ಮ ಹೋಗ್ಬಿಟ್ರು. ನಂಗಾಗ ಮೂರು ವರ್ಷ. ನಮ್ಮನೇಲಿ ಒಂದು ಫೋಟೊ ಇಲ್ಲ. ಫೋಟೊ ತೆಗೆಸ್ಕೊಂಡ್ರೆ ಆಯಸ್ಸು ಕಮ್ಮಿ ಆಗತ್ತೆ ಅಂತ ನಮ್ಮಜ್ಜಿ ಸ್ಟುಡಿಯೋ ಕಡೆ ಹೋಗಕ್ಕೇ ಬಿಟ್ಟಿರ್ಲಿಲ್ಲವಂತೆ. ಹೆಂಗೂ ಹೋದ್ರಲ್ಲ! ನಮಗೆ ಅಮ್ಮ ಅಂದ್ರೆ ಇದೇ."

ಹಬ್ಬದ ದಿನ ಅಕ್ಕತಂಗಿಯರಿಬ್ಬರನ್ನೂ ಅಪ್ಪ ಇಲ್ಲಿಗೆ ಕರೆತಂದು ಈ ಗೋಡೆಗೆ ನಮಸ್ಕಾರ ಮಾಡಿಸುತ್ತಿದ್ದರಂತೆ. ಬಂದವರು, ಇವರೇಕೆ ದೇವರನ್ನು ಬಿಟ್ಟು ಬಾಗಿಲ ಪಕ್ಕ ಕೈಮುಗಿಯುತ್ತಾರೆ ಎಂದುಕೊಳ್ಳುತ್ತಿದ್ದರಂತೆ. ತಂಗಿ ತೀರಿಕೊಂಡ ಮೇಲೆ ಟೀಚರಮ್ಮ ಒಬ್ಬರೇ ಬರುತ್ತಿದ್ದರು.

"ಇದನ್ನೂ ಬರೀತೀರಾ ಮೇಡಂ?" ಎಂದು ಕೇಳಿದರು. ಅವರ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. "ನೋಡೋಣ ಟೀಚರಮ್ಮ" ಎಂದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಬರೆಯುವುದಿಲ್ಲವೆಂದು ಆಗಲೇ ನನಗೆ ಗೊತ್ತಿತ್ತು. ಮನೆಯವರ ಬಾಯಿಮಾತು, ಆಧಾರವಿಲ್ಲ. ನನ್ನ ನಿಯಮ ನನಗೆ.

ಲೇಖನ ಒಂದಿಡೀ ಪುಟ ಬಂತು. ಪಟ್ಟಾಭಿಷೇಕದ ಬಗ್ಗೆ ಮನಸ್ಸು ಬಿಚ್ಚಿ ಬರೆದಿದ್ದೆ. ಎಲ್ಲವನ್ನೂ ಹೊಗಳಿದರೆ ಓದುವವರು ನಂಬುವುದಿಲ್ಲ, ಎಲ್ಲಾದರೂ ಒಂದು ಕಡೆ ನಿಷ್ಠುರವಾಗಿರಬೇಕು ಎನ್ನುವುದು ವಿಮರ್ಶೆ ಬರೆಯುವವರ ಒಂದು ಚಟ. ಆ ಚಟಕ್ಕೆ ಪಕ್ಕದ ಗೋಡೆ ಸಿಕ್ಕಿತು. "ಬಾಗಿಲ ಬಳಿಯ ಆರತಿಯ ದೃಶ್ಯ ಬೇರೆ ಕೈಯದು, ಬಹುಶಃ ಕಲಿಯುತ್ತಿದ್ದ ಶಿಷ್ಯನೊಬ್ಬನದು. ರೇಖೆ ದುರ್ಬಲವಾಗಿದೆ, ಹೆಚ್ಚಿನ ಮಹತ್ವವಿಲ್ಲ" ಎಂದು ಬರೆದೆ. ಎರಡು ಸಣ್ಣ ವಾಕ್ಯ. ಬರೆಯಲು ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಅದಾಗಿ ಆರೇಳು ತಿಂಗಳಿಗೆ ಮಂದಿರದ ಸಮಿತಿಯ ಅಧ್ಯಕ್ಷರು ಫೋನ್ ಮಾಡಿದರು. ನೆಲಮಂಗಲದ ಕಡೆಯ ಒಕ್ಕಲು ಮನೆತನದವರು, ಈಗ ಸೈಟು, ಕಟ್ಟಡ ಅಂತ ವ್ಯವಹಾರ. "ಮೇಡಂ, ನಿಮ್ಮ ಆರ್ಟಿಕಲ್‌ನಿಂದ ನಮ್ ಮಂದಿರಕ್ಕೆ ಕಳೆ ಬಂದ್ಬಿಡ್ತು! ಎಲ್ಲೆಲ್ಲಿಂದ್ಲೋ ಜನ ಬರ್ತಾವ್ರೆ. ಲ್ಯಾಮಿನೇಷನ್ ಮಾಡ್ಸಿ ಬಾಗ್ಲಿಗೇ ಹಾಕಿದೀವಿ. ದಾನಿಗಳು ಮುಂದೆ ಬಂದವ್ರೆ, ಜೀರ್ಣೋದ್ಧಾರ ಮಾಡ್ಸೋಣ ಅಂತ. ಏನ್ ಇಟ್ಕೋಬೇಕು, ಏನ್ ಬಿಡ್ಬೇಕು, ನೀವೇ ಬಂದು ಹೇಳ್ಬೇಕು."

ಕೇಳಿ ನನಗಾದ ಸಂತೋಷ ಹೇಳತೀರದು. ಮೂವತ್ತು ವರ್ಷದಲ್ಲಿ ಕೆಡವಿದ ಮೇಲೆ ಕರೆದವರೇ ಎಲ್ಲ, ಕೆಡವುವ ಮೊದಲು ಕೇಳಿದವರು ಇವರೊಬ್ಬರೇ. ಅವರನ್ನು ಕಂಡರೆ ಇವತ್ತಿಗೂ ನನಗೆ ಕೋಪವಿಲ್ಲ. ಕೋಪ ಮಾಡಿಕೊಳ್ಳಲು ಅವರೇನೂ ತಪ್ಪು ಮಾಡಲಿಲ್ಲ.

ಜೀರ್ಣೋದ್ಧಾರ ಎಂಬ ಮಾತು ಕೇಳಿದರೆ ನಮ್ಮಂಥವರ ಎದೆ ಧಸಕ್ಕೆನ್ನುತ್ತದೆ. ದೇವರ ಮನೆ ಹೊಸದಾಗಿ ಹೊಳೆಯಬೇಕು ಎನ್ನುವುದು ಭಕ್ತರ ಆಸೆ. ಹಳೆಯ ಕಲ್ಲುಕಂಬಕ್ಕೆ ಎನಾಮಲ್ ಬಣ್ಣ, ನೆಲಕ್ಕೆ ಗ್ರಾನೈಟ್, ಗೋಡೆಗೆ ಆಳೆತ್ತರ ಟೈಲ್ಸ್, ದಾನಿಗಳ ಹೆಸರಿನ ಕರಿಕಲ್ಲು. ಅವರ ಭಕ್ತಿಯಲ್ಲಿ ಸುಳ್ಳಿಲ್ಲ, ಅದಕ್ಕೇ ಜಗಳವಾಡುವುದು ಕಷ್ಟ. ನಾನು ಸೊಂಟ ಕಟ್ಟಿ ಹೋದೆ. ದೊಡ್ಡ ಗೋಡೆಯನ್ನು ಮುಟ್ಟಕೂಡದು, ಬಣ್ಣ ಹಚ್ಚಕೂಡದು, ಅದರ ಮುಂದೆ ದೀಪ ಇಡಕೂಡದು, ಗಾಜು ಹಾಕಿಸುವುದಾದರೆ ಗೋಡೆಗೆ ತಾಗದ ಹಾಗೆ ಹಾಕಿಸಬೇಕು ಎಂದು ಎರಡು ಪುಟ ಬರೆದುಕೊಂಡು ಹೋಗಿ ಓದಿದೆ. ಸಮಿತಿಯವರು ಗೊಣಗಿದರು. "ಹನುಮಂತನ ಮುಖಕ್ಕಾದ್ರೂ ಒಂದು ಕೋಟ್ ಹೊಡಿಸ್ಬೋದಲ್ವಾ?" ಎಂದರೊಬ್ಬರು. "ಹೊಡಿಸಿದ್ರೆ ನಾನು ಪೇಪರಲ್ಲಿ ಬರೀತೀನಿ" ಎಂದೆ. ಅಧ್ಯಕ್ಷರು ನಕ್ಕು, "ಬುಡ್ರಪ್ಪಾ, ಮೇಡಂ ಹೇಳ್ದಂಗೇ ಆಗ್ಲಿ" ಎಂದು ನನ್ನ ಪರ ನಿಂತರು.

ಆಮೇಲೆ ಅವರು ನನ್ನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋದರು. "ಇದು ನೋಡಿ ಮೇಡಂ, ತೇವ ಹಿಡ್ದು ಉದುರ್ತಾ ಐತೆ. ಈ ಗೋಡೆಗಾದ್ರೂ ಟೈಲ್ಸ್ ಹಾಕಿಸ್ಲಾ? ದಾನಿಗಳ ಹೆಸ್ರು ಎಲ್ಲಾದ್ರೂ ಹಾಕ್ಬೇಕಲ್ಲ. ನೀವೇ ಬರ್ದಿದೀರಿ, ಇದು ಅಷ್ಟಕ್ಕಷ್ಟೇ ಅಂತ."

ಟೀಚರಮ್ಮನ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಮಧ್ಯದ ಹೆಂಗಸಿನ ಕಡೆ ಕಣ್ಣೂ ಹೋಯಿತು. ಆದರೆ ದೊಡ್ಡ ಗೋಡೆಯನ್ನು ಆಗಷ್ಟೇ ಗೆದ್ದಿದ್ದೆ. ಇನ್ನೊಂದನ್ನೂ ಕೇಳಿದರೆ ಸಮಿತಿಯವರು ತಿರುಗಿಬಿದ್ದು ಎರಡೂ ಹೋಗುತ್ತವೆ ಎಂದು ಲೆಕ್ಕ ಹಾಕಿದೆ. ನಮ್ಮ ಕಸುಬಿನಲ್ಲಿ ಇಂಥ ಲೆಕ್ಕ ದಿನವೂ ಇದ್ದದ್ದೇ: ಮುಂಭಾಗ ಉಳಿಸಿ ಹಿಂಭಾಗ ಬಿಡು, ಬಾಗಿಲು ಉಳಿಸಿ ಕಿಟಕಿ ಬಿಡು. ಅಲ್ಲದೆ ನಾನೇ ಮಹತ್ವವಿಲ್ಲ ಎಂದು ಬರೆದದ್ದನ್ನು ಈಗ ನಾನೇ ಬದಲಾಯಿಸಿ ಹೇಳುವುದು ಹೇಗೆ? ಯಾವ ಆಧಾರದ ಮೇಲೆ?

"ಅದು ಅಷ್ಟೇನೂ ಮುಖ್ಯ ಅಲ್ಲ" ಎಂದೆ.

"ಹಂಗಾದ್ರೆ ಹಾಕಿಸ್ಬೋದು?"

"ನಿಮ್ಮಿಷ್ಟ."

ಟೀಚರಮ್ಮನಿಗೆ ಒಂದು ಮಾತು ತಿಳಿಸಬಹುದಿತ್ತು. ಅವರ ನಂಬರು ನನ್ನ ಹತ್ತಿರ ಇತ್ತು. ತಿಳಿಸಿದರೆ ಅತ್ತುಬಿಟ್ಟಾರು, ಸಮಿತಿಯವರ ಹತ್ತಿರ ಹೋಗಿ ಗಲಾಟೆಯಾದೀತು ಎಂದುಕೊಂಡೆ. ಅವರು ಶನಿವಾರ ಹೇಗೂ ಬರುತ್ತಾರೆ, ಸಮಿತಿಯವರೇ ಹೇಳಿಕೊಳ್ಳಲಿ ಎಂದೂ ಅಂದುಕೊಂಡೆ. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ಕೆಲಸ ಶುರುವಾಗಿಯೇಬಿಟ್ಟಿತು. ಆ ಹೊತ್ತಿಗೆ ಟೀಚರಮ್ಮ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಮಲ್ಲೇಶ್ವರದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ಒಂದಾದ ಮೇಲೆ ಒಂದು ಕಣ್ಣು, ಧೂಳು ತಾಗಬಾರದು, ಬಗ್ಗಬಾರದು ಅಂತ ಎರಡು ತಿಂಗಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಮಂದಿರದ ಪ್ರಾರಂಭೋತ್ಸವಕ್ಕೆ ಮನೆಗೇ ಬಂದು ಕುಂಕುಮ ಕೊಟ್ಟು ಕರೆದರು. ಓಣಿಗೆಲ್ಲ ಶಾಮಿಯಾನ, ಬಾಳೆಕಂಬ. ಒಳಗೆ ಪಟ್ಟಾಭಿಷೇಕ ಗಾಜಿನ ಹಿಂದೆ ಹಾಗೇ ಇತ್ತು, ಒಂದು ಗೆರೆಗೂ ಚ್ಯುತಿ ಬಂದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಗೋಡೆಗೆ ಕೆನೆ ಬಣ್ಣದ ಟೈಲ್ಸ್, ನಡುವೆ ದಾನಿಗಳ ಕರಿಕಲ್ಲು. ಅದನ್ನು ನೋಡಿ ನನಗೆ ಏನೂ ಅನಿಸಲಿಲ್ಲ, ನಿಜ ಹೇಳುತ್ತೇನೆ. ಅವತ್ತು ನಾನು ಗೆದ್ದವಳು.

ಒಳಗೇ, ಬಾಗಿಲಿಗೆ ಎದುರಾಗಿ ಹಾಕಿದ್ದ ಪುಟ್ಟ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು, ತಲೆಗೆ ಮೈಸೂರು ಪೇಟ ಇಟ್ಟರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಅಧ್ಯಕ್ಷರು ಮೈಕಿನಲ್ಲಿ, "ಯಾವ್ದು ಉಳ್ಸ್‌ಬೇಕು, ಯಾವ್ದು ತೆಗೀಬೇಕು, ಪ್ರತಿಯೊಂದೂ ಮೇಡಂ ಅವರೇ ಮುಂದೆ ನಿಂತು ಹೇಳ್ಕೊಟ್ರು" ಎಂದರು. ಚಪ್ಪಾಳೆ ಬಿತ್ತು. ಆಗಲೇ ಟೀಚರಮ್ಮ ಬಾಗಿಲಲ್ಲಿ ಕಾಣಿಸಿಕೊಂಡದ್ದು. ಕಪ್ಪು ಕನ್ನಡಕ, ಜರಿಯಂಚಿನ ಸೀರೆ, ಕೈಯಲ್ಲಿ ಹೂವಿನ ಪೊಟ್ಟಣ. ಒಳಗೆ ಕಾಲಿಟ್ಟವರೇ ಅಭ್ಯಾಸಬಲದಂತೆ ಎಡಕ್ಕೆ ತಿರುಗಿದರು.

ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಟೈಲ್ಸ್ ಮೇಲೆ ಅಂಗೈ ಇಟ್ಟು ನಿಂತರು. ಸುತ್ತಲಿನವರು ಕೋಸಂಬರಿಯ ದೊನ್ನೆ ಹಿಡಿದುಕೊಂಡು ಅವರನ್ನು ಸುತ್ತಿಕೊಂಡು ಓಡಾಡುತ್ತಿದ್ದರು. ನಾನು ವೇದಿಕೆಯ ಮೇಲೆ ಪೇಟ ಇಟ್ಟುಕೊಂಡು ಕೂತಿದ್ದೆ. ಎದ್ದು ಹೋಗಬೇಕಿತ್ತು. ಸ್ವಾಗತ, ವಂದನಾರ್ಪಣೆ ಎಲ್ಲ ಮುಗಿಯುವವರೆಗೆ ಏಳಲಿಲ್ಲ.

ಕೊನೆಗೆ ಅವರ ಹತ್ತಿರ ಹೋದೆ. ಬೈಯಲಿ, ನಾಲ್ಕು ಜನರ ಎದುರಿಗೆ ಮರ್ಯಾದೆ ತೆಗೆಯಲಿ ಎಂದುಕೊಂಡೇ ಹೋದೆ. ಅವರು ಬೈಯಲಿಲ್ಲ.

"ಮೇಡಂ, ಇದರ ಹಿಂದೆ ಇರಬಹುದಾ?" ಎಂದು ಮೆಲ್ಲಗೆ ಕೇಳಿದರು. "ಟೈಲ್ಸ್ ತೆಗೆದ್ರೆ?"

ಟೈಲ್ಸ್ ಹಾಕುವವರು ಹಳೇ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ ಹಾಕುತ್ತಾರೆ, ಇಲ್ಲದಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ. ಅದನ್ನು ಹೇಳಿದೆ.

"ನೀವು ಬರೆದಿದ್ರಲ್ಲ, ಬೇರೆ ಕೈಯದು ಅಂತ" ಎಂದರು. "ಅವತ್ತೇ ಹೇಳ್ಬೇಕು ಅಂತಿದ್ದೆ. ಓದಿದೋರಿಗೆ ಎದುರು ಹೇಗೆ ಹೇಳೋದು ಅಂತ ಸುಮ್ನಾದೆ. ಅದು ಅಪ್ಪಂದೇ ಮೇಡಂ. ದೊಡ್ಡ ಗೋಡೆ ಮುಂಚೆ ಬರೆದದ್ದು. ಇದು ಅಮ್ಮ ಹೋದ ತಿಂಗಳಲ್ಲೇ ಬರೆದದ್ದು. ಮರೆತುಹೋಗೋದರೊಳಗೆ ಬರೀಬೇಕು ಅಂತ ಬಂದು ಕೂತ್ರಂತೆ. ಕುಂಚ ಹಿಡಿದ್ರೆ ಕೈ ನಡುಗೋದಂತೆ."

ಗೆರೆ ನೋಡಿ ಯಾರ ಕೈ ಎಂದು ಹೇಳಬಲ್ಲೆನೆಂದು ಮೂವತ್ತು ವರ್ಷ ಮೆರೆದವಳು ನಾನು. ಗೆರೆ ಏಕೆ ಸೊಟ್ಟಗಾಗಿದೆ ಎಂದು ಒಂದು ಮಾತು ಪಕ್ಕದಲ್ಲೇ ಇದ್ದ ಮಗಳನ್ನು ಕೇಳಲಿಲ್ಲ.

"ತಪ್ಪಾಯ್ತು ಟೀಚರಮ್ಮ" ಎಂದೆ.

ಅವರು ಏನೋ ಹೊಳೆದವರ ಹಾಗೆ ನನ್ನ ಕೈ ಹಿಡಿದರು. "ಅವತ್ತು ನೀವು ಫೋಟೊ ತೆಗೆದ್ರಲ್ಲ ಮೇಡಂ! ಈ ಗೋಡೇದೂ ತೆಗೆದ್ರಿ, ನಾನು ನೋಡಿದೀನಿ. ಅದೊಂದು ಕೊಡ್ತೀರಾ? ಮನೇಲಿ ಇಟ್ಕೋತೀನಿ. ಅಷ್ಟು ಸಾಕು ನಂಗೆ."

ಹೋದ ಜೀವ ಬಂದ ಹಾಗಾಯಿತು. ಹೌದು, ತೆಗೆದಿದ್ದೆ! ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ನಾನೇ ತಂದುಕೊಡುತ್ತೇನೆಂದು ಮಾತು ಕೊಟ್ಟೆ. ಶಾಲು, ಪೇಟ, ಬುಟ್ಟಿ ಎಲ್ಲ ಹಿಡಿದುಕೊಂಡು ಆಟೊದಲ್ಲಿ ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ.

ದೊಡ್ಡ ಗೋಡೆಯ ಫೋಟೊಗಳು ನಲವತ್ತಕ್ಕೂ ಹೆಚ್ಚಿದ್ದವು. ಹನುಮಂತನ ಕಿರುಬೆರಳಿನದೂ ಇತ್ತು. ಪಕ್ಕದ ಗೋಡೆಯದು ಒಂದೇ ಒಂದು.

ಚಿತ್ರ ಎಷ್ಟು ದೊಡ್ಡದೆಂದು ತಿಳಿಯಲು ಅದರ ಮೇಲೊಂದು ಅಳತೆಪಟ್ಟಿ ಹಿಡಿದು ಫೋಟೊ ತೆಗೆಯುವುದು ನಮ್ಮ ಕೆಲಸದಲ್ಲಿ ರೂಢಿ. ಕಪ್ಪು ಬಿಳಿ ಚೌಕಗಳ ಅಗಲವಾದ ಪಟ್ಟಿ. ದೊಡ್ಡ ಗೋಡೆಗಾದರೆ ಅದನ್ನು ಅಂಚಿನಲ್ಲಿ ಹಿಡಿದು, ಪಟ್ಟಿ ಇಲ್ಲದೆಯೂ ಬೇರೆ ಬೇರೆ ತೆಗೆದಿದ್ದೆ. ಇದಕ್ಕೆ ಅಷ್ಟು ತಾಳ್ಮೆ ಯಾರಿಗಿತ್ತು? ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಫೋನು, ಗೋಡೆಯ ನಟ್ಟನಡುವೆ ಹಿಡಿದು ಒಂದು ತೆಗೆದು ಮುಗಿಸಿದ್ದೆ. ಐದು ಹೆಂಗಸರಲ್ಲಿ ನಾಲ್ವರ ಮುಖ ಸ್ಪಷ್ಟವಾಗಿತ್ತು. ಮಧ್ಯದವರ ಕೊರಳಿನ ಸರ, ಆರತಿ ತಟ್ಟೆ, ಸೀರೆಯ ಅಂಚು, ಮುಡಿದ ಹೂವಿನ ತುದಿ ಎಲ್ಲ ಇತ್ತು. ಹಣೆಯಿಂದ ಗದ್ದದವರೆಗೆ ಪಟ್ಟಿ, ಪಟ್ಟಿಯ ಮೇಲೆ ನನ್ನ ಹೆಬ್ಬೆರಳು.

ಪತ್ರಿಕೆಯ ಛಾಯಾಗ್ರಾಹಕನನ್ನು ಕೇಳಿದೆ. ಅವನು ದೊಡ್ಡ ಗೋಡೆಯನ್ನು ಮಾತ್ರ ತೆಗೆದಿದ್ದ. "ನೀವೇ ಅದು ಬೇಡ ಅಂದ್ರಲ್ಲ ಮೇಡಂ" ಎಂದ. ಅಧ್ಯಕ್ಷರನ್ನು ಕೇಳಿದೆ. ಅವರು ಪಾಪ, ಸಮಿತಿಯ ಎಲ್ಲರ ಮೊಬೈಲು ಹುಡುಕಿಸಿದರು. ಉತ್ಸವದ ಫೋಟೊಗಳಲ್ಲಿ ಆ ಗೋಡೆಯ ಮುಂದೆ ಯಾವಾಗಲೂ ಯಾರಾದರೂ ನಿಂತಿದ್ದರು.

ಎರಡು ವಾರ ಟೀಚರಮ್ಮನ ಫೋನ್ ತೆಗೆಯಲಿಲ್ಲ. ಆಮೇಲೆ ನಾಚಿಕೆಯಾಗಿ ಒಂದು ಬೆಳಗ್ಗೆ ಪ್ರಿಂಟ್ ತೆಗೆದುಕೊಂಡು ಶ್ರೀರಾಂಪುರಕ್ಕೆ ಹೋದೆ. ಕಟ್ಟು ಹಾಕಿಸುವ ಧೈರ್ಯ ಬರಲಿಲ್ಲ, ಕಂದು ಕವರಿನಲ್ಲಿಟ್ಟಿದ್ದೆ. ವಠಾರದ ಎರಡನೇ ಮನೆ. ಗೋಡೆಯಲ್ಲಿ ದೇವರ ಪಟಗಳ ಪಕ್ಕ ಹೊಸದಾಗಿ ಒಂದು ಮೊಳೆ ಹೊಡೆಸಿಟ್ಟಿದ್ದರು. ನನ್ನನ್ನು ಕೂರಿಸಿ, ಕಾಫಿ ತಂದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಕವರು ತೆಗೆದುಕೊಂಡರು.

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿದ್ದೆಲ್ಲ ಮರೆತುಹೋಯಿತು. ಅವರು ಫೋಟೊ ಎಳೆದು ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಈ ಪಟ್ಟಿ..." ಎಂದರು.

"ಹೌದು. ನಾನೇ ಹಿಡಿದಿದ್ದೆ."

"ತೆಗೆಯಕ್ಕಾಗಲ್ವಾ ಮೇಡಂ? ನಮ್ಮ ತಂಗಿ ಮಗಳು ಹೇಳ್ತಿದ್ಲು, ಈಗ ಕಂಪ್ಯೂಟರಲ್ಲಿ ಬೇಡದ್ದೆಲ್ಲ ತೆಗೀತಾರೆ ಅಂತ."

"ತೆಗೀಬಹುದು ಟೀಚರಮ್ಮ. ಆದರೆ ಅದರ ಕೆಳಗೆ ಮುಖ ಇರಲ್ಲ. ಕಂಪ್ಯೂಟರು ತನಗೆ ತೋಚಿದ ಯಾವುದೋ ಮುಖ ಬರೆದು ಹಾಕತ್ತೆ."

"ಯಾರದೋ ಮುಖ ಬೇಡ" ಎಂದರು. ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು. ವಠಾರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದರು ಆಮೇಲೆ. "ಚಿಕ್ಕವಳಿದ್ದಾಗ ಅಮ್ಮ ನಗ್ತಿದಾರೆ ಅಂತ ಅನ್ಸೋದು. ನಮ್ಮ ತಂಗಿ, ಇಲ್ಲ ಕಣೇ, ಅಳ್ತಿದಾರೆ ಅನ್ನೋಳು. ಇಬ್ರೂ ಅದಕ್ಕೇ ಜಗಳ ಆಡ್ತಿದ್ವಿ. ಆಮೇಲೆ ಮಸಿ ಹಿಡೀತು, ನನ್ನ ಕಣ್ಣೂ ಮಂಜಾಯ್ತು. ಆಪರೇಷನ್ ಆಗ್ಲಿ, ಹತ್ತಿರ ಹೋಗಿ ಸರಿಯಾಗಿ ನೋಡೋಣ ಅಂತಿದ್ದೆ. ನೀವು ಅಷ್ಟು ಹತ್ತಿರ ನಿಂತ್ಕೊಂಡು ನೋಡಿದ್ರಲ್ಲ, ನಿಮಗಂತೂ ಗೊತ್ತಿರತ್ತೆ. ನಗ್ತಿದ್ರಾ ಅಮ್ಮ?"

ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಮೂಗಿನ ಗೆರೆ ಎರಡು ಕಡೆ ಒಡೆದದ್ದು ನೆನಪಿತ್ತು. ಎಡ ಕಿವಿ ಬಲಕ್ಕಿಂತ ಅರ್ಧ ಬೆರಳು ಕೆಳಗಿದ್ದದ್ದು ನೆನಪಿತ್ತು. ತಪ್ಪುಗಳೆಲ್ಲ ನೆನಪಿದ್ದವು. "ನಗ್ತಿದ್ರು" ಎಂದು ಒಂದು ಸುಳ್ಳು ಹೇಳಿಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಾಯಿಗೂ ಬಂತು. ಅವರ ಮುಖ ನೋಡಿ ಹೇಳಲಾಗಲಿಲ್ಲ.

"ಗೊತ್ತಿಲ್ಲ ಟೀಚರಮ್ಮ. ನಾನು ಅದನ್ನ ನೋಡ್ಲೇ ಇಲ್ಲ."

ಅವರು ತಲೆಯಾಡಿಸಿದರು. ಫೋಟೊವನ್ನು ಮತ್ತೆ ಕವರಿಗೆ ಹಾಕಿ, ಅದರ ಮೂಲೆ ಮಡಚಿಕೊಳ್ಳದ ಹಾಗೆ ಟ್ರಂಕಿನ ಮೇಲೆ ಇಟ್ಟು ಬಂದರು.

"ಹೋಗ್ಲಿ ಬಿಡಿ ಮೇಡಂ" ಎಂದರು. "ಕಾಫಿ ಆರ್ತಿದೆ, ಕುಡೀರಿ."